ತಟ್ಟೆ ಹೊತ್ತ ಅತ್ತೆ

ವಿಮಾನ ವಿನ್ಯಾಸ ಕಚೇರಿಯ ಎರಡನೆಯ ಮಹಡಿಯಲ್ಲಿ, ಸದಾ ತೊಟ್ಟಿಕ್ಕುವ ನಲ್ಲಿಯ ಪಕ್ಕದ ಮೇಜಿನಲ್ಲಿ ಕುಳಿತು ಹತ್ತೊಂಬತ್ತು ವರ್ಷ ಬರೀ ಕೀಲುಗಳ ನಕ್ಷೆ ಬರೆದ ಮನುಷ್ಯನಿಗೆ ಕೀಲಪ್ಪ ಎಂಬ ಹೆಸರು ಬೀಳದೆ ಇನ್ನೇನು ಬಿದ್ದೀತು? ರೆಕ್ಕೆ ಮಡಚುವ ಕೀಲು, ಬಾಗಿಲಿನ ಕೀಲು, ಚಕ್ರ ಒಳಗೆಳೆದುಕೊಳ್ಳುವ ಕೀಲು. ಇಡೀ ವಿಮಾನವನ್ನು ಬರೆಯುವ ಯೋಗ ಅವರಿಗೆ ಎಂದೂ ಬರಲಿಲ್ಲ. ಕೀಲಪ್ಪನವರು ಅದಕ್ಕಾಗಿ ಕೊರಗಿದವರೂ ಅಲ್ಲ. ಕೊರಗುವುದಕ್ಕೂ ಒಂದಿಷ್ಟು ಚೈತನ್ಯ ಬೇಕು. ಅವರಲ್ಲಿದ್ದ ಚೈತನ್ಯವೆಲ್ಲ ಸಂಜೆ ಐದರ ಹೊತ್ತಿಗೆ ಪೆನ್ಸಿಲಿನ ತುದಿಯಲ್ಲಿ ಮುಗಿದುಹೋಗುತ್ತಿತ್ತು.

ಆ ವರ್ಷ ಕಚೇರಿಯವರೆಲ್ಲ ಒಂದೇ ವಿಮಾನದ ಹಿಂದೆ ಬಿದ್ದಿದ್ದರು. ಯುದ್ಧದ ಹಡಗಿನ ಮೇಲಿಂದ ಹಾರಿ, ಹಡಗಿಗಿಂತ ನೂರಾರು ಮೈಲಿ ಮುಂದೆ ಹೋಗಿ, ಎತ್ತರದಲ್ಲಿ ಸುತ್ತು ಹೊಡೆಯುತ್ತ, ಯಾರು ಯಾವ ದಿಕ್ಕಿನಿಂದ ಬರುತ್ತಿದ್ದಾರೆಂದು ನೋಡಿ ಎಲ್ಲರಿಗೂ ಮೊದಲೇ ತಿಳಿಸುವ ವಿಮಾನ ಅದು. ಗುಂಡು ಹಾರಿಸುವುದಿಲ್ಲ, ಬಾಂಬು ಹಾಕುವುದಿಲ್ಲ. ನೋಡುವುದು, ಹೇಳುವುದು, ಅಷ್ಟೆ. ನೋಡುವ ರೇಡಾರು ಇದ್ದದ್ದು ವಿಮಾನದ ಬೆನ್ನ ಮೇಲೆ ಕಂಬ ನೆಟ್ಟು ಕೂರಿಸಿದ ಒಂದು ದೊಡ್ಡ ತಟ್ಟೆಯೊಳಗೆ. ಇಪ್ಪತ್ತನಾಲ್ಕು ಅಡಿ ಅಗಲದ ಆ ತಟ್ಟೆ ಹಾರುವಾಗ ನಿಧಾನವಾಗಿ ತಿರುಗುತ್ತಿರಬೇಕು.

ತೊಂದರೆ ಇದ್ದದ್ದು ಇಲ್ಲಿ. ಹಾರಾಟ ಮುಗಿದ ಮೇಲೆ ವಿಮಾನವನ್ನು ಹಡಗಿನ ಹೊಟ್ಟೆಯೊಳಗೆ ಇಳಿಸಿ ನಿಲ್ಲಿಸಬೇಕು. ಹಡಗಿನ ಹೊಟ್ಟೆಯ ಸೂರು ಗಿಡ್ಡ. ತಟ್ಟೆ ಚಿಕ್ಕದಾಗಲಾರದು, ಏಕೆಂದರೆ ಅದು ಮುಖ್ಯ ವಿನ್ಯಾಸಕರ ಸ್ವಂತ ಕೂಸು. ಸೂರು ಮೇಲೇರಲಾರದು, ಏಕೆಂದರೆ ಹಡಗು ಆಗಲೇ ನೀರಿಗಿಳಿದಿತ್ತು. ಹೀಗಾಗಿ ಉಳಿದದ್ದೆಲ್ಲ ತಲೆತಗ್ಗಿಸಬೇಕಾಯಿತು. ಎತ್ತರದ ಬಾಲವನ್ನು ಕತ್ತರಿಸಿ ನಾಲ್ಕು ಮೋಟು ಬಾಲ ಮಾಡಿದರು. ರೆಕ್ಕೆಗಳನ್ನು ತಿರುಚಿ ಹಿಂದಕ್ಕೆ ಮಡಚಿ, ಚಳಿಗೆ ಮುದುಡಿ ನಿಂತವರ ಕೈಗಳಂತೆ ಪಕ್ಕೆಗೆ ಒತ್ತಿದರು. ಅಷ್ಟಾದರೂ ತಟ್ಟೆ ಸೂರಿಗಿಂತ ನಾಲ್ಕು ಅಂಗುಲ ಮೇಲೇ ಉಳಿಯುತ್ತಿತ್ತು.

“ಕೀಲಪ್ಪ, ತಟ್ಟೆ ಕಂಬಕ್ಕೂ ಒಂದು ಕೀಲು ಹಾಕ್ರೀ. ಒಳಗೆ ಹೋಗುವಾಗ ಸ್ವಲ್ಪ ಕೂತ್ಕೊಳ್ಲಿ,” ಎಂದರು ಮುಖ್ಯ ವಿನ್ಯಾಸಕರು, ಕುರ್ಚಿ ಸರಿಸಿ ಎಂದಷ್ಟೇ ಸಲೀಸಾಗಿ.

ಕೀಲಪ್ಪನವರು ಬರೆದರು. ಏಳು ಸಲ ಬರೆದರು. ಏಳನೆಯ ನಕ್ಷೆ ಮುಗಿಯುವ ಶುಕ್ರವಾರದ ಮಧ್ಯಾಹ್ನ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಆ ಕಡೆ ಹೆಂಡತಿ.

“ಅಮ್ಮ ಸೋಮವಾರ ಬರ್ತಾರಂತೆ. ಒಂದು ತಿಂಗಳು ಇರ್ತಾರೆ. ಬರ್ಕೊಳ್ಳಿ, ಇಲ್ದಿದ್ರೆ ಮರೀತೀರಿ. ಮಡಚೋ ಮಂಚ ತರ್ಬೇಕು. ಚಿಕ್ಕ ಕೋಣೇಲಿ ಅಟ್ಟ ತಗ್ಗು, ಅವ್ರಿಗೆ ತಲೆ ತಾಗತ್ತೆ. ಗೊರಕೆ ಹೊಡೀತಾರೆ ಅಂತ ನೀವು ಮುಖ ಗಂಟು ಹಾಕ್ಕೊಂಡ್ರೆ ನೋಡಿ ಮತ್ತೆ. ಆಮೇಲೆ ಆ ಮುರಿದ ಬೀರು ಬಾಗಿಲು ಸರಿಮಾಡಿ, ಅವ್ರ ಕಣ್ಣಿಗೆ ಬೀಳದೇ ಇರೋದು ಒಂದೂ ಇಲ್ಲ.”

ಕೈಗೆ ಬೇರೆ ಕಾಗದ ಸಿಗಲಿಲ್ಲ. ಕೀಲಪ್ಪನವರು ತಟ್ಟೆಯ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ, ಹತ್ತೊಂಬತ್ತು ವರ್ಷದ ಅಭ್ಯಾಸಬಲದಿಂದ ಮುದ್ದಾದ ಅಕ್ಷರಗಳಲ್ಲಿ ಬರೆದುಕೊಂಡರು:

“ಅತ್ತೆ ಸೋಮವಾರ ಬರುತ್ತಾರೆ. ಮಡಚುವಂಥದು ಬೇಕು. ತಲೆ ತಾಗುತ್ತದೆ. ಶಬ್ದ ಜಾಸ್ತಿ, ಸಹಿಸುವುದು. ಅವರ ಕಣ್ಣಿಗೆ ಬೀಳದೇ ಇರುವುದು ಒಂದೂ ಇಲ್ಲ.”

ಅಳಿಸಿಬಿಡಬೇಕೆಂದು ರಬ್ಬರು ಹುಡುಕುತ್ತಿರುವಾಗ ಪ್ರತಿ ತೆಗೆಯುವವನು ಬಂದು ಹಾಳೆಯನ್ನು ಸುತ್ತಿಕೊಂಡು ಹೋದ. ಕೂಗಿ ಕರೆಯಬಹುದಿತ್ತು. ಕೀಲಪ್ಪನವರಿಗೆ ಸುಸ್ತಾಗಿತ್ತು.

ಸೋಮವಾರ ಬೆಳಿಗ್ಗೆ ಆ ನಕ್ಷೆಯ ಇಪ್ಪತ್ತೆರಡು ನೀಲಿ ಪ್ರತಿಗಳು ಉದ್ದನೆಯ ಮೇಜಿನ ಸುತ್ತ ಇಪ್ಪತ್ತೆರಡು ಜನರ ಮುಂದೆ ಬಿಚ್ಚಿಕೊಂಡವು. ಮೇಜಿನ ತಲೆಯಲ್ಲಿ ನೌಕಾಪಡೆಯ ಅಡ್ಮಿರಲ್ ಕುಳಿತಿದ್ದರು. ಮೂವತ್ತು ವರ್ಷ ಸಮುದ್ರದ ಮೇಲೆ ಕಳೆದ ಕಾರಣಕ್ಕೋ ಏನೋ, ನೆಲದ ಮೇಲೂ ಎದುರು ಗಾಳಿಗೆ ಕೂಗಿ ಹೇಳುವವರಂತೆ ಮಾತನಾಡುತ್ತಿದ್ದರು. ಅವರು ನಕ್ಷೆಯನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

“ಇದನ್ನ ಬರ್ದೋರು ಯಾರು?”

ಮುಖ್ಯ ವಿನ್ಯಾಸಕರು ಓದಿ ಬೆವರಿದರು. ಕೋಣೆಯ ಕೊನೆಯಲ್ಲಿ ಗೋಡೆಗಂಟಿ ನಿಂತಿದ್ದ ಕೀಲಪ್ಪನವರ ಕಡೆ ಇಪ್ಪತ್ತೊಂದು ಬೆರಳುಗಳು ತಿರುಗಿದವು.

“ಅತ್ತೆ!” ಎಂದು ಅಡ್ಮಿರಲ್ ಮೇಜು ಗುದ್ದಿದರು. “ಎರಡು ವರ್ಷದಿಂದ ನಾಮಕರಣ ಸಮಿತಿಯವರು ಕೂತ್ಕೊಂಡು ಏನು ಹುಡುಕಿದಾರೆ ಗೊತ್ತೇನ್ರೀ? ‘ಸಾಗರ ದೂರವೀಕ್ಷಣ ಪೂರ್ವಸೂಚಕ, ಮಾದರಿ ಒಂದು’. ನನ್ನ ಪೈಲಟ್ಟು ಅದನ್ನ ರೇಡಿಯೋದಲ್ಲಿ ಹೇಳಿ ಮುಗಿಸೋದ್ರೊಳಗೆ ಶತ್ರು ಬಂದು, ಹೊಡೆದು, ವಾಪಸ್ ಮನೆಗೆ ಹೋಗಿರ್ತಾನೆ. ಇಲ್ನೋಡಿ, ಈ ಮನುಷ್ಯ ಒಂದೇ ಮಾತಲ್ಲಿ ಹೇಳ್ಬಿಟ್ಟಿದಾನೆ. ಮಡಚ್ಕೊಳತ್ತೆ, ತಲೆ ತಾಗತ್ತೆ, ಶಬ್ದ ಮಾಡತ್ತೆ, ಕಣ್ಣಿಗೆ ಬೀಳದೇ ಇರೋದು ಒಂದೂ ಇಲ್ಲ! ಸೋಮವಾರ ಬರ್ತಾರೆ ಅಂತಾನೂ ಬರ್ದಿದಾನೆ, ಇವತ್ತು ಸೋಮವಾರಾನೇ! ಏನ್ರೀ, ಯೋಚ್ನೆ ಮಾಡಿ ಇಟ್ಟಿದ್ದೇನ್ರೀ ಹೆಸರು?”

ಸತ್ಯ ಹೇಳುವುದಕ್ಕೆ ಕೀಲಪ್ಪನವರು ಬಾಯಿ ತೆರೆದದ್ದು ನಿಜ. ಆದರೆ ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಅವರನ್ನು ಹೊಗಳಿರಲಿಲ್ಲ. ಇಪ್ಪತ್ತೆರಡು ಜನ ಒಟ್ಟಿಗೆ ನಗುತ್ತ, ಮೆಚ್ಚುಗೆಯಿಂದ ನೋಡುತ್ತಿರುವಾಗ ಮಂಚದ ಮಾತು ಎತ್ತಲು ಎಂಥ ಧೀರನಿಗೂ ನಾಲಿಗೆ ಹೊರಳದು.

“ಹೌದು ಸಾರ್. ಹಾಗೇ... ಹೊಳೀತು,” ಎಂದರು.

ಈ ನಾಲ್ಕು ಮಾತಿನ ಫಲವನ್ನು ಅವರು ಅಂದು ಸಂಜೆಯಿಂದಲೇ ಉಣ್ಣತೊಡಗಿದರು.

ಮನೆಗೆ ಬರುವಷ್ಟರಲ್ಲಿ ಅತ್ತೆ ಬಂದಿದ್ದರು. ಸಣ್ಣ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ಮೂವತ್ತೊಂದು ವರ್ಷ ಟೆಲಿಫೋನು ಕಚೇರಿಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಇಡೀ ಊರಿನ ಕರೆಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದು ತೂತಿಗೆ ಚುಚ್ಚಿದವರು. ಯಾರ ಮನೆಯ ಮದುವೆ ಮುರಿಯುತ್ತದೆ, ಯಾರ ಅಂಗಡಿ ಮುಚ್ಚುತ್ತದೆ ಎಂಬುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಆದರೆ ಒಂದು ದಿನವೂ ಒಬ್ಬರಿಗೂ ಹೇಳಿದವರಲ್ಲ. ಅಳಿಯ ಒಳಗೆ ಬಂದು ಚಪ್ಪಲಿ ಬಿಟ್ಟ ರೀತಿಯನ್ನು ಒಮ್ಮೆ ನೋಡಿ, “ಇವತ್ತು ಏನೋ ಆಗಿದೆ,” ಎಂದಷ್ಟೇ ಹೇಳಿ ಕಾಫಿ ಕುಡಿದರು.

ಆದದ್ದೇನೆಂದು ಗುರುವಾರ ತಿಳಿಯಿತು. ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರಿಗೆ ಪತ್ರಿಕೆಯನ್ನು ಮನಸ್ಸಿನಲ್ಲಿ ಓದಿಕೊಳ್ಳುವ ಅಭ್ಯಾಸವಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡಕ್ಕೆ ಕೇಳುವಂತೆ ಓದಿದರು: “ಹೊಸ ವಿಮಾನಕ್ಕೆ ‘ಅತ್ತೆ’ ಎಂಬ ಅಡ್ಡಹೆಸರು! ನಿಧಾನಗತಿ, ನಡು ದಪ್ಪ, ತಲೆಯ ಮೇಲೆ ತಟ್ಟೆ, ವಿಪರೀತ ಶಬ್ದ: ಹೆಸರಿಟ್ಟ ನಕ್ಷೆಗಾರರ ಚುರುಕುಬುದ್ಧಿ!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಹೊರಗೆ ಬಂದಳು.

“ನಡು ದಪ್ಪಾನಾ?”

ಕೀಲಪ್ಪನವರಿಗೆ ಆ ಕ್ಷಣದಲ್ಲಿ ನಮ್ಮ ಭಾಷೆಯ ಔದಾರ್ಯ ನೆನಪಾಯಿತು. ಹೆಂಡತಿಯ ತಾಯಿಯೂ ಅತ್ತೆ, ಅಪ್ಪನ ಅಕ್ಕನೂ ಅತ್ತೆ. ಇಂಥ ಸೌಕರ್ಯವನ್ನು ಹಿರಿಯರು ಸುಮ್ಮನೆ ಮಾಡಿಟ್ಟಿರಲಾರರು.

“ಛೇ ಛೇ, ಅದು ನಿಮ್ಮಮ್ಮನ ಬಗ್ಗೆ ಅಲ್ಲ ಕಣೇ! ನಮ್ಮ ಸೋದರತ್ತೆ. ಅಪ್ಪನ ಅಕ್ಕ. ಚಿಕ್ಕವನಿದ್ದಾಗ ನನ್ನನ್ನ ಎತ್ತಿ ಆಡಿಸಿದೋರು.”

ಬಿರುಗಾಳಿ ತಪ್ಪಿತೆಂದು ಅವರು ಉಸಿರು ಬಿಡುವಷ್ಟರಲ್ಲಿ ಅದು ದಿಕ್ಕು ಬದಲಿಸಿ ಹಿಂದಿನಿಂದ ಬಂತು.

“ಓಹೋ,” ಎಂದಳು ಹೆಂಡತಿ. “ಎರಡು ವರ್ಷಕ್ಕೊಂದು ಸಲ ಮುಖ ತೋರಿಸೋ ಸೋದರತ್ತೆ ಹೆಸರು ವಿಮಾನಕ್ಕೆ. ನಮ್ಮಮ್ಮ ಏನು ಪಾಪ ಮಾಡಿದ್ರು? ನಿಮಗೆ ಕಾಮಾಲೆ ಆದಾಗ ಹದಿನೆಂಟು ದಿನ ಆಸ್ಪತ್ರೇಲಿ ಸ್ಟೂಲ್ ಮೇಲೆ ಕೂತಿದ್ರಲ್ಲ, ಆಗ ಎಲ್ಲಿದ್ರು ನಿಮ್ಮ ಸೋದರತ್ತೆ? ಹಾರ್ತಿದ್ರಾ?”

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಎದ್ದು ಚಿಕ್ಕ ಕೋಣೆಗೆ ಹೋಗಿ, ಬಾಗಿ, ಅಟ್ಟಕ್ಕೆ ತಲೆ ತಾಗಿಸಿಕೊಳ್ಳದೆ ಮಂಚದ ಮೇಲೆ ಕುಳಿತರು. ಅದನ್ನು ನೋಡಿ ಕೀಲಪ್ಪನವರು ಊಟ ಬಿಟ್ಟರು.

ಮರುದಿನ ಕಚೇರಿಯಲ್ಲಿ ನಾಮಕರಣ ಸಮಿತಿಯ ಗುಮಾಸ್ತ ಕಾದಿದ್ದ. ಕೈಯಲ್ಲಿ ಒಂದು ನಮೂನೆ, ಎಂಟು ಪ್ರತಿ. ಎಡಗಡೆ ‘ವಿಮಾನದ ಲಕ್ಷಣ’, ಬಲಗಡೆ ‘ಪ್ರಸ್ತಾಪಿತ ಹೆಸರಿನ ವ್ಯಕ್ತಿ ಅಥವಾ ಪ್ರಾಣಿಯ ತತ್ಸಮಾನ ಲಕ್ಷಣ’.

“ಸಮಿತಿ ಹನ್ನೊಂದು ಸಲ ಸೇರಿ ಇಟ್ಟ ಹೆಸರು ಸ್ವಾಮಿ ಅದು,” ಎಂದ ಗುಮಾಸ್ತ ನೊಂದ ದನಿಯಲ್ಲಿ. “ಹನ್ನೊಂದು ಸಲದ್ದೂ ನಡಾವಳಿ ನಾನೇ ಬರ್ದಿದೀನಿ. ನೀವು ಪೆನ್ಸಿಲಲ್ಲಿ ಹೊಡೆದ್ಹಾಕ್ಬಿಟ್ರಿ. ಇರ್ಲಿ. ಈ ಅತ್ತೆ ಜೀವಂತ ಇದಾರೋ, ಕಾಲವಾಗಿದಾರೋ?”

“ಇದಾರೆ.”

“ಹಾಗಾದ್ರೆ ಅವ್ರ ಒಪ್ಪಿಗೆ ಬೇಕು. ವಿಳಾಸ ಹೇಳಿ.”

ಮನೆಯ ವಿಳಾಸ ಕೊಡುವ ಧೈರ್ಯವಿಲ್ಲದೆ ಕೀಲಪ್ಪನವರು ಸೋದರತ್ತೆಯ ವಿಳಾಸ ಕೊಟ್ಟರು. ಸರ್ಕಾರದ ಪತ್ರ ಹೋಗುವುದಕ್ಕೆ ಮೂರು ತಿಂಗಳಾದರೂ ಬೇಕು, ಅಷ್ಟರೊಳಗೆ ಎಲ್ಲರೂ ಮರೆತಿರುತ್ತಾರೆ ಎಂಬುದು ಅವರ ಲೆಕ್ಕ. ನೊಂದ ಗುಮಾಸ್ತನ ವೇಗವನ್ನು ಅವರು ಅಳೆದಿರಲಿಲ್ಲ. ಐದನೆಯ ದಿನಕ್ಕೆ ಸೋದರತ್ತೆ ಎರಡು ಪೆಟ್ಟಿಗೆಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು.

ಸೋದರತ್ತೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕವಾಯತು ಕಲಿಸಿದವರು. ಆರು ಅಡಿ ಎತ್ತರ. ಗುಟ್ಟು ಹೇಳಿದರೂ ಮೈದಾನದ ಆ ತುದಿಯ ಸಾಲು ಎಡಕ್ಕೆ ತಿರುಗಬೇಕು, ಅಂಥ ಗಂಟಲು.

“ಸಹಿ ಹಾಕಿ ಕಳಿಸಿದೀನಿ ಕಣೋ!” ಎಂದರು. ಮೇಲಿನ ಮನೆಯಲ್ಲಿ ಪೋಸ್ಟ್‌ಮಾಸ್ತರರು ಪತ್ರಿಕೆ ಕೆಳಗಿಟ್ಟರು. “ನನ್ನ ಹೆಸರಿನ ವಿಮಾನ! ನಮ್ಮ ಬೀದಿಯವ್ರೆಲ್ಲ ಬಂದು ನೋಡ್ಕೊಂಡು ಹೋದ್ರು, ನನ್ನ. ಮುಂದಿನ ವಾರ ಮರದ ಮಾದರಿ ತೋರಿಸ್ತಾರಂತಲ್ಲ, ಅಡ್ಮಿರಲ್ಲೇ ಕರ್ದಿದಾರೆ.”

ಹೀಗೆ ಮನೆಯಲ್ಲಿ ಇಬ್ಬರು ಅತ್ತೆಯರಾದರು. ಮಡಚುವ ಮಂಚ ಒಂದೇ ಇತ್ತು. ಕೀಲಪ್ಪನವರ ಅತ್ತೆ ಅದನ್ನು ಮಾತಿಲ್ಲದೆ ಸೋದರತ್ತೆಗೆ ಬಿಟ್ಟುಕೊಟ್ಟರು. ಸೋದರತ್ತೆಯ ಕಾಲು ಮಂಚದಿಂದ ಒಂದೂವರೆ ಅಡಿ ಆಚೆ ಚಾಚುತ್ತಿತ್ತು. ಬೆಳಿಗ್ಗೆ ಏಳುವಾಗ ದಿನಕ್ಕೊಂದು ಸಲ ತಲೆ ಅಟ್ಟಕ್ಕೆ ಬಡಿದು ಮನೆ ನಡುಗುತ್ತಿತ್ತು. ಹೆಂಡತಿ ತಾಯಿಯನ್ನು ತನ್ನ ಪಕ್ಕ ಮಲಗಿಸಿಕೊಂಡು ಗಂಡನನ್ನು ಹಜಾರಕ್ಕೆ ಅಟ್ಟಿದಳು. ನೆಲದ ಮೇಲೆ ಬಿದ್ದು ಸೂರು ನೋಡುತ್ತ ಕೀಲಪ್ಪನವರು ನಿಜ ಹೇಳಿಬಿಡೋಣವೇ ಎಂದುಕೊಂಡರು. ಯಾವ ನಿಜ, ಯಾರಿಗೆ ಎಂಬುದೇ ತಿಳಿಯಲಿಲ್ಲ. ನೀವೇ ಆ ಅತ್ತೆ ಎಂದರೆ ನಡು ದಪ್ಪದ ಪ್ರಶ್ನೆ ಏಳುತ್ತದೆ. ಅಲ್ಲ ಎಂದರೆ ಕಾಮಾಲೆಯದು. ಯಾರೂ ಅಲ್ಲ ಎಂದರೆ ಅಡ್ಮಿರಲ್ಲರದು. ಅಷ್ಟಾಗುವಾಗ ನಿದ್ದೆ ಬಂದುಬಿಡುತ್ತಿತ್ತು.

ಮರದ ಮಾದರಿಯನ್ನು ನಿಲ್ಲಿಸಿದ್ದು ಕಚೇರಿಯ ಹಿಂದಿನ ದೊಡ್ಡ ಶೆಡ್ಡಿನಲ್ಲಿ. ತೆಳು ಹಲಗೆಯ ವಿಮಾನ, ಅಳತೆಯಲ್ಲಿ ಅಸಲಿನಷ್ಟೇ. ಹಡಗಿನ ಸೂರು ಎಲ್ಲಿ ಬರುತ್ತದೆಂದು ತೋರಿಸಲು ಮೇಲೊಂದು ಹಗ್ಗ ಎಳೆದು ಕಟ್ಟಿದ್ದರು. ತಟ್ಟೆ ಅದರಡಿಯಲ್ಲಿ ಉಸಿರು ಬಿಗಿಹಿಡಿದಂತೆ ನಿಂತಿತ್ತು. ಸೋದರತ್ತೆಗೆ ಒಂದೇ ಆಹ್ವಾನವಿತ್ತು. “ನಾನೂ ಒಂದಿಷ್ಟು ನೋಡ್ಬರ್ತೀನಿ,” ಎಂದು ಅತ್ತೆಯೂ ಹೊರಟಾಗ ತಡೆಯಲು ಯಾರಿಗೂ ಬಾಯಿ ಬರಲಿಲ್ಲ.

ಅಡ್ಮಿರಲ್ ಎದುರಾದ ಕೂಡಲೇ ಸೋದರತ್ತೆ ಅವರ ಕೈ ಕುಲುಕಿ, “ಬೆನ್ನು ಸ್ವಲ್ಪ ನೆಟ್ಟಗೆ,” ಎಂದರು. ಅಡ್ಮಿರಲ್ ನೆಟ್ಟಗಾದರು. ಸೋದರತ್ತೆ ಏಣಿ ಹತ್ತಿ ಸೀದಾ ಪೈಲಟ್ಟಿನ ಕುರ್ಚಿಯಲ್ಲಿ ಕುಳಿತು, ಮರದ ಚುಕ್ಕಾಣಿ ಹಿಡಿದು, ಇಳಿಯುವುದಿಲ್ಲವೆಂದರು. ಫೋಟೋದವರು ಮುತ್ತಿಕೊಂಡರು. ಆ ಗದ್ದಲದಲ್ಲಿ ಅತ್ತೆ ಹಿಂಬಾಗಿಲಿನಿಂದ ಒಳಗೆ ಹೋದದ್ದನ್ನು ಯಾರೂ ನೋಡಲಿಲ್ಲ.

ಅಡ್ಮಿರಲ್ ಸುತ್ತಲೂ ಕಣ್ಣಾಡಿಸಿ ಕೀಲಪ್ಪನವರನ್ನು ರೆಕ್ಕೆಯ ಮರೆಗೆ ಕರೆದರು. “ಏನ್ರೀ, ಇಬ್ಬರು ಬಂದಿದಾರಂತೆ? ಇವರಲ್ಲಿ ಆ ಅತ್ತೆ ಯಾರ್ರೀ?”

ಕೀಲಪ್ಪನವರು ಮಡಚಿದ ರೆಕ್ಕೆಗೆ ಒರಗಿಕೊಂಡರು. ಸುಳ್ಳು ಹೇಳುವುದಕ್ಕೂ ನೆಲದ ಮೇಲೆ ಮಲಗುವುದಕ್ಕೂ ಇನ್ನು ತಮ್ಮಿಂದಾಗದು ಎನಿಸಿಬಿಟ್ಟಿತು.

“ಸಾರ್, ಅದು ಹೆಸರೇ ಅಲ್ಲ. ನಮ್ಮತ್ತೆ ಬರ್ತಾರೆ, ಮಂಚ ತರ್ಬೇಕು ಅಂತ ನೆನಪಿಗೆ ಬರ್ಕೊಂಡಿದ್ದೆ. ಮಡಚೋದು ಮಂಚ. ತಲೆ ತಾಗೋದು ಅಟ್ಟ. ಶಬ್ದ ಅಂದ್ರೆ ಗೊರಕೆ. ಅಳಿಸೋಣ ಅಂತಿದ್ದೆ, ರಬ್ಬರು ಸಿಗಲಿಲ್ಲ. ನಂದು ತಪ್ಪಾಯ್ತು. ಕೆಲಸದಿಂದ ತೆಗೀತೀನಿ ಅಂದ್ರೆ ತೆಗೀರಿ.”

ಅಡ್ಮಿರಲ್ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೆಗಲ ಮೇಲೆ ಕೈ ಹಾಕಿ, ಮುಖ್ಯ ವಿನ್ಯಾಸಕರನ್ನು ಕೂಗಿ ಕರೆದರು.

“ನೋಡ್ರೀ ಇಲ್ಲಿ! ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಬೇಜಾರಾಗಬಾರದು ಅಂತ ಎಂಥಾ ಕಥೆ ಕಟ್ತಾನೆ ಈ ಮನುಷ್ಯ. ಮಂಚವಂತೆ! ಇಷ್ಟು ವಿನಯ ಇರೋರನ್ನ ನಲ್ಲಿ ಪಕ್ಕ ಕೂರಿಸಿದೀರಲ್ರೀ, ನಾಚಿಕೆ ಆಗಲ್ವಾ?”

ಜೀವಮಾನದಲ್ಲಿ ಒಮ್ಮೆ ಧೈರ್ಯ ಮಾಡಿ ಹೇಳಿದ ಸತ್ಯವನ್ನು ಯಾರೂ ನಂಬದಿದ್ದಾಗ ಮನುಷ್ಯ ಮುಂದೇನು ಮಾಡಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ.

ಅಷ್ಟರಲ್ಲಿ ವಿಮಾನದ ಹೊಟ್ಟೆಯಿಂದ ಒಂದು ತೆಳುವಾದ ದನಿ ಬಂತು.

“ಇಲ್ಲಿ ಕೂರೋರು ಎಷ್ಟು ಹೊತ್ತು ಕೂರಬೇಕು?”

ಒಳಗೆ ಇಣುಕಿದರು. ರೇಡಾರಿನ ಪರದೆಗಳನ್ನು ನೋಡುವ ಮೂವರಿಗಾಗಿ ಪಕ್ಕಕ್ಕೆ ಮುಖಮಾಡಿ ಇಟ್ಟ ಮೂರು ಕುರ್ಚಿಗಳಲ್ಲಿ ನಡುವಿನದರಲ್ಲಿ ಅತ್ತೆ ಕುಳಿತಿದ್ದರು. ಕೈಗಳು ತಾವಾಗಿಯೇ ಮುಂದಿನ ಗುಂಡಿಗಳ ಮೇಲೆ ಹೋಗಿದ್ದವು.

“ಐದು ಗಂಟೆಯಮ್ಮ, ಒಮ್ಮೊಮ್ಮೆ ಆರು,” ಎಂದರು ಮುಖ್ಯ ವಿನ್ಯಾಸಕರು.

“ಆಗಲ್ಲ. ಎರಡನೇ ಗಂಟೆಗೆ ಕತ್ತು ಹಿಡ್ಕೊಳತ್ತೆ. ಪರದೆ ಇಷ್ಟು ಮೇಲಿದ್ರೆ ಕಣ್ಣು ಎತ್ತಿ ಎತ್ತಿ ತಲೆನೋವು ಶುರು. ತಲೆ ನೋಯೋನು ಏನು ನೋಡ್ತಾನೆ? ಬಂದೋರು ಬಂದ್ಹೋಗ್ತಾರೆ, ಇವನಿಗೆ ಗೊತ್ತೇ ಆಗಲ್ಲ. ನಮ್ಮ ಟೆಲಿಫೋನ್ ಬೋರ್ಡು ಎದೆಮಟ್ಟಕ್ಕಿತ್ತು. ಕುರ್ಚಿ ಹಿಂದಕ್ಕೂ ಮುಂದಕ್ಕೂ ಜರುಗ್ತಿತ್ತು. ಮೊದಲನೇ ವರ್ಷ ಹೀಗೇ ಇಟ್ಟಿದ್ರು; ನನ್ನ ಜೊತೆ ಇದ್ದ ನಾಲ್ಕು ಜನ ಕೆಲಸ ಬಿಟ್ರು.” ಅವರು ಪಕ್ಕದ ಕುರ್ಚಿಯ ಕಡೆ ಕೈ ಚಾಚಿದರು. “ಇವನು ಕಂಡಿದ್ದನ್ನ ಅವನಿಗೆ ತೋರಿಸ್ಬೇಕು ಅಂದ್ರೆ ಕೈ ತಲುಪಲ್ಲ. ಕೂಗಬೇಕು. ಎಂಜಿನ್ ಗದ್ದಲದಲ್ಲಿ ಕೂಗಿದ್ರೆ ಕೇಳತ್ತಾ?”

ಎರಡು ವರ್ಷ ಎಲ್ಲರೂ ತಟ್ಟೆಯನ್ನೇ ನೋಡಿದ್ದರು. ತಟ್ಟೆಯ ಕೆಳಗೆ ಕೂರುವವನ ಕತ್ತನ್ನು ಯಾರೂ ನೋಡಿರಲಿಲ್ಲ. ಅಡ್ಮಿರಲ್ ಟೋಪಿ ತೆಗೆದು ಬಗ್ಗಿ ಒಳಗೆ ಹೋಗಿ, ಪಕ್ಕದ ಕುರ್ಚಿಯಲ್ಲಿ ಕುಳಿತು, ಕತ್ತು ಎತ್ತಿ ನೋಡಿದರು. ಹತ್ತು ನಿಮಿಷ ಹಾಗೇ ಕುಳಿತರು. ಹೊರಗೆ ಬರುವಾಗ ಕತ್ತು ನೀವಿಕೊಳ್ಳುತ್ತಿದ್ದರು.

“ಎಲ್ಲಾ ಬದಲಾಯಿಸಿ,” ಎಂದರು, ಮೊದಲ ಬಾರಿಗೆ ಮೆಲ್ಲನೆ. “ಈ ತಾಯಿ ಹೇಳಿದ ಹಾಗೆ.”

ಮುಂದಿನ ಕುರ್ಚಿಯಿಂದ ಸೋದರತ್ತೆ ಕೂಗಿದರು: “ಅಲ್ಲೇನು ಸದ್ದು? ಸಾಲಾಗಿ ನಿಂತ್ಕೊಳ್ಳಿ!”

ನಾಮಕರಣ ಸಮಿತಿ ಹನ್ನೆರಡನೆಯ ಸಲ ಸೇರಿ ‘ಅತ್ತೆ’ ಎಂಬ ಹೆಸರನ್ನು ತಿರಸ್ಕರಿಸಿತು. ಬಂಧುವಾಚಕವು ಯುದ್ಧೋಪಕರಣದ ಘನತೆಗೆ ಕುಂದು ಎಂದು ಗುಮಾಸ್ತ ನಡಾವಳಿಯಲ್ಲಿ ಬರೆದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ‘ಅತ್ತೆ ಎಂದು ಕರೆಯಲ್ಪಡುತ್ತಿರುವ ವಿಮಾನವನ್ನು ಇನ್ನು ಮುಂದೆ ಯಾರೂ ಅತ್ತೆ ಎಂದು ಕರೆಯತಕ್ಕದ್ದಲ್ಲ’ ಎಂದು ಎಲ್ಲ ಹಡಗುಗಳಿಗೂ ಸುತ್ತೋಲೆ ಹೊರಡಿಸಿದರು. ಅಲ್ಲಿಯವರೆಗೆ ಆ ಹೆಸರನ್ನೇ ಕೇಳದಿದ್ದ ನಾವಿಕರು, ಅಡುಗೆಯವರು, ಎಂಜಿನ್ನಿಗೆ ಎಣ್ಣೆ ಹಾಕುವವರು ಎಲ್ಲರೂ ಅಂದಿನಿಂದ ಅದನ್ನು ಬಿಟ್ಟು ಬೇರೆ ಹೆಸರಿನಿಂದ ಕರೆಯಲಿಲ್ಲ.

ಸೋದರತ್ತೆ ಫೋಟೋ ಹಿಡಿದುಕೊಂಡು ಸಂತೋಷದಿಂದ ಊರಿಗೆ ಹೊರಟರು. ಆ ಹೆಸರು ತಮ್ಮದೆಂಬ ವಿಷಯದಲ್ಲಿ ಅವರಿಗೆ ಕೊನೆಯವರೆಗೂ ಸಂಶಯ ಬರಲಿಲ್ಲ, ಬರಿಸುವ ಉತ್ಸಾಹ ಯಾರಲ್ಲೂ ಉಳಿದಿರಲಿಲ್ಲ. ಅತ್ತೆಯನ್ನು ಕುರ್ಚಿ ಮತ್ತು ಪರದೆಗಳ ಸಲಹೆಗಾರರೆಂದು ನೇಮಿಸಿದ ಪತ್ರ ಬಂತು. ಹೆಂಡತಿ ಅದನ್ನು ಎರಡು ಸಲ ಓದಿ, ತಾಯಿಯನ್ನು ತಬ್ಬಿಕೊಂಡು, ಗಂಡನಿಗೆ ಹಜಾರದಿಂದ ಬಿಡುಗಡೆ ಕೊಟ್ಟಳು.

“ಎಷ್ಟು ದಿನದ ಕೆಲಸವಂತೆ?” ಎಂದು ಕೀಲಪ್ಪನವರು ಕೇಳಿದರು.

“ವಿಮಾನ ಹಾರೋವರೆಗೆ,” ಎಂದಳು ಹೆಂಡತಿ. “ಮೂರು ವರ್ಷ.”

ಕುರ್ಚಿ ಜರುಗಬೇಕೆಂದರೆ ಕೆಳಗಿನ ಕಂಬಿ ಬದಲಾಗಬೇಕು, ಕಂಬಿ ಬದಲಾದರೆ ಬಾಗಿಲು, ಬಾಗಿಲು ಬದಲಾದರೆ ಅದರ ಕೀಲು. ಎಂಟನೆಯ ನಕ್ಷೆಯ ಖಾಲಿ ಹಾಳೆ ಮೇಜಿನ ಮೇಲೆ ಕಾಯುತ್ತಿತ್ತು. ಸೋಮವಾರ ಬೆಳಿಗ್ಗೆ ಅಳಿಯ, ಅತ್ತೆ ಇಬ್ಬರೂ ಒಂದೇ ಬಸ್ಸು ಹತ್ತಿದರು. ಅತ್ತೆ ಕಿಟಕಿಯ ಪಕ್ಕ ಕುಳಿತರು. ಎರಡು ಸ್ಟಾಪು ಕಳೆದ ಮೇಲೆ, ಹೊರಗೆ ನೋಡುತ್ತಲೇ ಹೇಳಿದರು.

“ಆ ಮರದ ವಿಮಾನದ ಹಲಗೆ ತುಂಬ ತೆಳು. ರೆಕ್ಕೆ ಹತ್ರ ನಿಂತು ಮಾತಾಡಿದ್ದು ಒಳಗೆ ಕೂತೋರಿಗೆ ಸ್ಪಷ್ಟವಾಗಿ ಕೇಳತ್ತೆ.”

ಕೀಲಪ್ಪನವರು ಅವರ ಕಡೆ ತಿರುಗಿದರು. “ಅತ್ತೆ... ಆ ಗೊರಕೆ ವಿಷ್ಯ...”

“ಹೊಡೀತೀನಿ. ನಂಗೊತ್ತು. ಮೂವತ್ತೊಂದು ವರ್ಷ ಇನ್ನೊಬ್ರ ಮಾತು ಕೇಳಿದೀನಿ ಅಳಿಯಂದ್ರೇ, ಯಾರ್ಗೂ ಹೇಳಿಲ್ಲ. ಇದನ್ನೂ ಹೇಳಲ್ಲ.” ಅವರು ತಿರುಗಿ ಅಳಿಯನ ಕಣ್ಣು ಕೆಳಗಿನ ಕಪ್ಪನ್ನು ನೋಡಿದರು. “ನಿದ್ದೆ ಮಾಡಿ.”

“ಇಲ್ಲ, ಕಣ್ಣು ಮುಚ್ಚಿದ್ರೆ ಸ್ಟಾಪು ದಾಟ್ಹೋಗತ್ತೆ. ತುಂಬ ಸಲ ಹಾಗಾಗಿದೆ.”

“ನಾನು ನೋಡ್ಕೋತಿರ್ತೀನಿ. ಬರೋಕೆ ಮೊದ್ಲೇ ಹೇಳ್ತೀನಿ,” ಎಂದರು ಅತ್ತೆ.

ಕೀಲಪ್ಪನವರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ, ನಲವತ್ತು ನಿಮಿಷ, ಕನಸೂ ಬೀಳದಂತೆ ನಿದ್ದೆ ಮಾಡಿದರು.